ದೊಡ್ಡಮ್ಮ ನಕ್ಕ ಫೋಟೋ

ನಮ್ಮ ದೊಡ್ಡಮ್ಮ ಸುಬ್ಬಲಕ್ಷ್ಮಮ್ಮ ತೊಂಬತ್ತೊಂದು ವರ್ಷ ಬದುಕಿದರು. ಅಷ್ಟೂ ವರ್ಷ ಯಾರನ್ನೂ ನಂಬಲಿಲ್ಲ. ಬಾಗಲೂರಿನಿಂದ ಕೆಂಪಾಪುರಕ್ಕೆ ಸೊಸೆಯಾಗಿ ಬಂದ ದಿನವೇ, ಹೊಸ್ತಿಲ ಮೇಲಿನ ಸೇರಕ್ಕಿ ಒದೆಯುವ ಮೊದಲು ಬಗ್ಗಿ ಕಲ್ಲಿದೆಯೇ ಎಂದು ನೋಡಿದರಂತೆ. ಗಂಡ ಬೇಗ ತೀರಿಕೊಂಡ ಮೇಲೆ ದ್ರಾಕ್ಷಿತೋಟ ನೋಡಿಕೊಂಡು ಮಗನನ್ನು ಸಾಕಿದ್ದು ಈ ಅನುಮಾನದ ಬಲದಿಂದಲೇ. ತೂಕದ ಕಲ್ಲನ್ನೂ ತೂಗಿ ನೋಡುವ ಹೆಂಗಸಿಗೆ ದಲ್ಲಾಳಿಗಳು ದೂರದಿಂದಲೇ ಕೈಮುಗಿದರು. ಹೆಬ್ಬಾಳದ ಫ್ಲೈಓವರ್ ಎದ್ದಾಗ "ಮೊದ್ಲು ಬೇರೆಯೋರು ಓಡಾಡ್ಲಿ" ಎಂದು ಮೂರು ವರ್ಷ ಕಾದರು. ಟೀವಿಯಲ್ಲಿ ವಾರ್ತೆ ಓದುವವನು ಇಣುಕುತ್ತಾನೆಂದು ಗೋಡೆ ಕಡೆ ತಿರುಗಿ ಉಣ್ಣುತ್ತಿದ್ದರು.

ದಿನವೂ ಮಧ್ಯಾಹ್ನ ಹಿಂದಿನ ಬೀದಿಯ ಟೈಲರ್ ಸುಗ್ರಾ ಮನೆಗೆ ಹೋಗಿ ಕೂರುವರು. "ಕಣ್ ತಪ್ಪಿದ್ರೆ ಬಟ್ಟೆ ಮಿಗಿಸ್ಕೋತಾಳೆ" ಎಂಬ ಅನುಮಾನ. ಇಪ್ಪತ್ತು ವರ್ಷ ಕೂತರು. ಹೊಲಿಸಿದ್ದು ವರ್ಷಕ್ಕೆರಡು ರವಿಕೆ.

ಮಗ ರಘುನಾಥ ಬಡಾವಣೆ ಸಂಘದ ಅಧ್ಯಕ್ಷ. ಕಳೆದ ಕನ್ನಡಕ ಹುಡುಕಿಕೊಡಿ ಎನ್ನುವುದಕ್ಕೂ "ಆತ್ಮೀಯರೇ" ಎಂದೇ ಶುರುಮಾಡುವವನು. ಅವನು ಮನೆಯಲ್ಲಿ ಭಾಷಣದ ಅಭ್ಯಾಸಕ್ಕೆ ನಿಂತರೆ ದೊಡ್ಡಮ್ಮ ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಊರೆಲ್ಲ ಹಾರ ಹಾಕಿದರೂ ಹೆತ್ತವಳು ತನ್ನ ಒಂದು ಮಾತೂ ಕೇಳಲಿಲ್ಲವೆಂಬ ಕೊರಗು ಅವನಿಗೆ.

ಕಳೆದ ತಿಂಗಳು ದೊಡ್ಡಮ್ಮ ಹೋದರು. ಹನ್ನೊಂದನೇ ದಿನಕ್ಕೆ ಮನೆ ಮುಂದೆ ಶ್ರದ್ಧಾಂಜಲಿಯ ಫ್ಲೆಕ್ಸ್ ಆಗಬೇಕು. ಸಿಕ್ಕಿದ್ದು ಆಧಾರ್ ಕಾರ್ಡಿನ ಫೋಟೋ ಒಂದೇ. ಅದರಲ್ಲಿ ದೊಡ್ಡಮ್ಮ ಫೋಟೋ ತೆಗೆದವನನ್ನು ಕಳ್ಳನನ್ನು ನೋಡಿದಂತೆ ನೋಡಿದ್ದರು.

"ಇದನ್ ಹಾಕಿದ್ರೆ ಜನ ಕೈ ಮುಗಿಯಲ್ಲ ಕಣೋ, ಕೈ ಮೇಲೆತ್ತಿ ನಿಂತ್ಕೋತಾರೆ," ಎಂದು ರಘುನಾಥ ನನ್ನ ಹತ್ತಿರ ಗೋಳಾಡಿದ.

ಮಾತಾಡಿಸಲು ಬಂದಿದ್ದ ಸುಗ್ರಾ ಸಂಕೋಚದಿಂದ ಮೊಬೈಲ್ ತೆಗೆದಳು. ಅದರಲ್ಲಿ ದೊಡ್ಡಮ್ಮ, ಕೊರಳಲ್ಲಿ ಅಳತೆ ಟೇಪು, ಬೊಚ್ಚುಬಾಯಿ ಪೂರಾ ತೆರೆದು ನಗುತ್ತಿದ್ದರು.

ಮನೆಗೆ ಮನೆಯೇ ಮೊಬೈಲಿನ ಮೇಲೆ ಬಗ್ಗಿತು. ಸೊಸೆ ರಾಧಾಮಣಿ ಚಿತ್ರ ದೊಡ್ಡದು ಮಾಡಿ ಮೂಗುಬೊಟ್ಟು ಪರೀಕ್ಷಿಸಿದಳು. "ನಮ್ಮತ್ತೇನಾ ಇದು? ಈಗೆಲ್ಲ ಕಂಪ್ಯೂಟರಲ್ಲಿ ಏನ್ ಬೇಕಾದ್ರೂ ಮಾಡ್ತಾರೆ ಕಣ್ರೀ." ಮನೆತನದ ಅನುಮಾನ ಸೊಸೆಗೂ ಬಂದಿತ್ತು.

"ಈ ಮನೇಲಿ ಒಂದಿನ ನಕ್ಕಿಲ್ಲ," ರಘುನಾಥ ಹುಬ್ಬು ಗಂಟಿಕ್ಕಿದ. "ನಿಮ್ಮನೇಲಿ ಅಂಥದ್ದೇನಿತ್ತಮ್ಮ?"

"ಬೇಡ ಬಿಡಿ ಅಣ್ಣಾ."

'ಬೇಡ' ಎಂದ ಮೇಲೆ ಬಿಡುವುದುಂಟೇ? ಎಲ್ಲರೂ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

"ನಿಮ್ದೇ ಭಾಷಣ ಅಣ್ಣಾ," ಸುಗ್ರಾ ನೆಲ ನೋಡಿದಳು. "ಅಜ್ಜಿ ದಿನಾ ಮಾಡಿ ತೋರ್ಸೋರು. ನನ್ ಟೇಪ್ ಹಾರ ಮಾಡ್ಕೊಂಡು. ನಿಮ್ ತರಾನೇ ಕೆಮ್ಮೋದು, ಶಲ್ಯ ಸರಿ ಮಾಡೋದು..."

ನಾನು ಗೋಡೆ ಕಡೆ ಮುಖ ಮಾಡಿದೆ. ಅಳು ಎಂದುಕೊಂಡಿರಬೇಕು, ಯಾರೋ ಬೆನ್ನು ಸವರಿದರು.

ರಘುನಾಥನ ಮುಖ ಕೆಂಪಾಯಿತು. ಕೆಮ್ಮಲು ಹೋಗಿ ತಡೆದುಕೊಂಡು ಕೇಳಿದ: "ಎಷ್ಟು ಹೇಳೋಳು?"

"ಪೂರ್ತಿ. ಸ್ವಾಗತದಿಂದ ವಂದನಾರ್ಪಣೆ ತನ್ಕ. ಒಂದ್ ಮಾತೂ ಬಿಡ್ತಿರ್ಲಿಲ್ಲ."

ಅವನು ಎದ್ದು ದೊಡ್ಡಮ್ಮನ ರೂಮಿನ ಬಾಗಿಲ ಬಳಿ ಹೋದ. ಅದನ್ನು ಒಮ್ಮೆ ಹಾಕಿ ಕಿವಿಗೊಟ್ಟ, ತೆಗೆದ.

ಮರುದಿನ ಫ್ಲೆಕ್ಸ್ ಅಂಗಡಿಗೆ ನಾನೂ ಹೋಗಿದ್ದೆ. ಮೇಲೆ ನಗುವ ದೊಡ್ಡಮ್ಮ, ಕೆಳಗೆ ಕೈಮುಗಿದ ಅಧ್ಯಕ್ಷರು. ಅಧ್ಯಕ್ಷರನ್ನು ನೋಡಿಯೇ ದೊಡ್ಡಮ್ಮ ನಗುತ್ತಿದ್ದಾರೆ ಎಂದು ಯಾರಿಗಾದರೂ ಅನಿಸುವಂತಿತ್ತು.

ಅಂಗಡಿಯ ಮುಜಫ್ಫರ್ ಕೇಳಿದ: "ಸರ್, ಕೊರಳಲ್ಲಿರೋ ಟೇಪ್ ಅಳಿಸ್ಬಿಡ್ಲಾ?"

"ಮುಟ್ಬೇಡಪ್ಪ," ಎಂದ ರಘುನಾಥ. "ಅದು ನನ್ ಹಾರ."