ಒರೆಸಿಹೋದ ಬಿಳಿ ಪೇಸ್ಟು

ಕೋಣೆಯ ಬೀಗ ತೆಗೆದ ಮೇಲೆ ಅವಳು ಮೊದಲು ಕೈಗೆತ್ತಿಕೊಳ್ಳುವುದು ಬಣ್ಣ ಬಳಿಯುವ ಒಂದು ಸಣ್ಣ ಬ್ರಷ್ಷು. ಕೀಬೋರ್ಡುಗಳ ಸಂದಿ, ಫ್ಯಾನಿನ ಜಾಲರಿ, ಮೌಸಿನ ಹೊಟ್ಟೆ, ಎಲ್ಲದರ ಧೂಳು ತೆಗೆದ ಮೇಲೆಯೇ ಸ್ವಿಚ್ಚು. ಮೈಯಲ್ಲಿ ಜ್ವರವಿದ್ದರೂ ಇದು ತಪ್ಪುವುದಿಲ್ಲ. ಪ್ರಾರ್ಥನೆಗೆ ಕೂತವರಂತೆ, ಆಗ ಯಾರ ಜೊತೆಯೂ ಮಾತಿಲ್ಲ.

ಗ್ರಂಥಾಲಯದ ಹಿಂಬದಿಯ ಆ ಕೋಣೆಗೆ ಸಂಜೆ ಮಕ್ಕಳು ಬರುತ್ತಾರೆ. ಅವರಿಗೆ ಅವಳು ಕಂಪ್ಯೂಟರ್ ಅಕ್ಕ. "ಕೈಗೆ ಸಿಗೋದು ಹಾರ್ಡ್‌ವೇರು. ಕೈಗೆ ಸಿಗದೇ ಅದನ್ನ ಕುಣಿಸೋದು ಸಾಫ್ಟ್‌ವೇರು" ಎಂದು ಹೇಳಿ, ಹಳೆಯ ಕಂಪ್ಯೂಟರೊಂದನ್ನು ಮಕ್ಕಳ ಮುಂದಿಟ್ಟುಬಿಡುತ್ತಾಳೆ. ಬಿಚ್ಚುವವರೂ ಅವರೇ, ಜೋಡಿಸುವವರೂ ಅವರೇ.

ಗ್ರಂಥಪಾಲಕರಿಗೆ ಇದು ಹಿಡಿಸಿರಲಿಲ್ಲ. "ನಾಳೆ ಅಪ್ಪ ಅಮ್ಮಂದಿರು ಬರ್ತಾರೆ. ಮಕ್ಕಳು ಜೋಡಿಸಿದ್ದು ಅವರ ಮುಂದೆ ನಡೀಬೇಕು. ಇಲ್ಲಾಂದ್ರೆ ಈ ಬಿಚ್ಚೋ ಪಾಠ ಬಂದ್, ಬರೀ ಟೈಪಿಂಗ್" ಎಂದು ಖಡಾಖಂಡಿತವಾಗಿ ಹೇಳಿದ್ದರು.

ಆ ಸಂಜೆ ಮಕ್ಕಳ ಕಂಪ್ಯೂಟರ್ ಶುರುವೇನೋ ಆಯಿತು. ಸ್ವಲ್ಪ ಹೊತ್ತಿಗೆ ತಟ್ಟನೆ ಆರಿಹೋಯಿತು.

"ಸಾಫ್ಟ್‌ವೇರ್ ಕೆಟ್ಟಿದೆ ಅಕ್ಕ, ಹೊಸದಾಗಿ ಹಾಕೋಣ" ಎಂದ, ಉಳಿದವರು ಪಂಡಿತ ಎಂದು ಕರೆಯುವ ಕನ್ನಡಕದ ಹುಡುಗ.

"ಸರಿ ಪಂಡಿತರೇ, ಈಗಲೇ ಇನ್ನೊಂದ್ಸಲ ಆನ್ ಮಾಡಿ."

ಈ ಸಲ ಇನ್ನೂ ಬೇಗ ಆರಿತು.

"ಮೊದಲಿನ ಬಿಸಿ ಇಳಿದಿಲ್ಲ, ಅದಕ್ಕೇ ಬೇಗ ಆಫ್ ಆಯ್ತಾ ಅಕ್ಕ?" ಎಂದಳು ಎರಡು ಜಡೆಯ ಹುಡುಗಿ.

ವೈರು ಕಿತ್ತು, ತಣ್ಣಗಾಗಲು ಬಿಟ್ಟು, ಪ್ರೊಸೆಸರ್ ಮೇಲಿನ ಫ್ಯಾನು ಎತ್ತಿ ನೋಡಿದರೆ ಕೆಳಗಿನ ಚಿಪ್ ಕನ್ನಡಿಯಂತೆ ಫಳಫಳ.

"ಇಲ್ಲಿದ್ದ ಬಿಳಿ ಪೇಸ್ಟ್ ಎಲ್ಲಿ?"

"ನಾನೇ ಒರೆಸ್ದೆ! ಎಷ್ಟು ಗಲೀಜಾಗಿತ್ತು ಗೊತ್ತಾ? ನೀವೇ ಹೇಳ್ತೀರಲ್ಲ, ಕೊಳೆ ಇರ್ಬಾರ್ದು ಅಂತ" ಎಂದಳು ಆ ಹುಡುಗಿ ಹೆಮ್ಮೆಯಿಂದ.

"ಅಯ್ಯೋ ಮಹಾತಾಯಿ, ಸ್ನಾನನೇ ಮಾಡಿಸಿಬಿಟ್ಟಿದ್ದೀಯಲ್ಲೇ!"

ಎಲ್ಲರೂ ನಕ್ಕರು. ಹುಡುಗಿಯ ಕಣ್ಣು ತುಂಬಿತು. ಕಂಪ್ಯೂಟರ್ ಅಕ್ಕ ಅವಳ ಜಡೆ ನೇವರಿಸಿ, "ಅದು ಕೊಳೆ ಅಲ್ಲ ಅಂತ ನಾನು ಹೇಳ್ಬೇಕಿತ್ತು ಕಣೇ" ಎಂದಳು. ಚಿಪ್‌ನ ಬಿಸಿಯನ್ನು ಫ್ಯಾನಿನಡಿಯ ಲೋಹಕ್ಕೆ ದಾಟಿಸುವುದೇ ಆ ಪೇಸ್ಟು. ಅದಿಲ್ಲದಿದ್ದರೆ ಯಂತ್ರ ಸುಟ್ಟುಹೋಗದಿರಲು ತಾನೇ ಆರುತ್ತದೆ ಎಂದು ವಿವರಿಸಿದಳು. ಆಮೇಲೆ ರಿಪೇರಿ ಅಂಗಡಿ ಇಟ್ಟಿರುವ ಭಾವನಿಗೆ, ಅಂದರೆ ತನ್ನ ಅಕ್ಕನ ಗಂಡನಿಗೆ, ಪೇಸ್ಟ್ ತರಲು ಫೋನ್ ಮಾಡಿದಳು.

ಭಾವ ಜೇಬಿನಲ್ಲಿ ಟ್ಯೂಬು, ಕಂಕುಳಲ್ಲಿ ಅವಳು ಕೇಳದಿದ್ದ ಒಂದು ಕಂಪ್ಯೂಟರ್ ಇರುಕಿಕೊಂಡೇ ಬಂದ. ಅವಳನ್ನು ಬಾಗಿಲಾಚೆ ಕರೆದು ಪಿಸುಗುಟ್ಟಿದ.

"ನೋಡು, ಹೊರಗಿಂದ ಎರಡೂ ಒಂದೇ ಥರ. ನಾಳೆ ಇದನ್ನೇ ಇಡು, ಇದು ಕೈಕೊಡಲ್ಲ. ಮಕ್ಕಳಿಗೂ ಗೊತ್ತಾಗಲ್ಲ. ನಿನ್ನ ಪಾಠ ಉಳಿಯುತ್ತೆ."

ಅವಳು ಟ್ಯೂಬು ಮಾತ್ರ ತೆಗೆದುಕೊಂಡು ಎರಡು ಜಡೆಯವಳನ್ನು ಕೂಗಿ ಕರೆದು, ಅವಳ ಕೈಗಿತ್ತಳು. "ಕಾಳಿನಷ್ಟು ಸಾಕು, ಬಳಿದುಬಿಡಬೇಡ."

"ನಾಳೆ ಅದು ಕೈಕೊಟ್ರೆ?" ಎಂದ ಭಾವ.

"ಕೈಕೊಟ್ರೆ ಯಾಕೆ ಕೈಕೊಡ್ತು ಅಂತ ಈ ಮಕ್ಕಳೇ ಎಲ್ಲರ ಮುಂದೆ ಹೇಳ್ತಾರೆ. ಇದು ಬೇಡ ಭಾವ, ವಾಪಸ್ ತಗೊಂಡು ಹೋಗಿ. ನಮ್ಮಕ್ಕ ಊಟಕ್ಕೆ ಕಾಯ್ತಿರ್ತಾಳೆ."