ಕಿಟಕಿಯಿಂದ ಎರಡು ಮೊಳ

ಎದುರು ಮನೆಯವರು ಬೆಳಗಿನಿಂದ ಕಾಂಪೌಂಡಿಗೆ ಸುಣ್ಣ ಬಳಿಸುತ್ತಿದ್ದಾರೆ. ಹಸಿ ಸುಣ್ಣದ ವಾಸನೆ ನಿಮಗೆ ಹಬ್ಬವನ್ನೋ ಮದುವೆಮನೆಯನ್ನೋ ನೆನಪಿಸಬಹುದು. ನಾನು ಮಾತ್ರ ಎದ್ದು ಹೋಗಿ ಕಿಟಕಿ ಮುಚ್ಚಿ ಬಂದೆ. ಮುಚ್ಚಿದ ಮೇಲೆ ಸೆಕೆಯಾಯಿತು, ಮತ್ತೆ ತೆರೆದೆ. ಅರವತ್ತರ ಅಂಚಿಗೆ ಬಂದವನೊಬ್ಬ ಒಂದು ವಾಸನೆಯೊಡನೆ ಹೀಗೆ ಜಗಳ ಕಾಯುವುದು ನಗೆಪಾಟಲೆಂದು ನನಗೂ ಗೊತ್ತು. ಆದರೆ ಇದರ ಹಿಂದೆ ಒಂದು ಶಾಲೆಯ ಗೋಡೆಯಿದೆ. ಅದನ್ನು ಇದುವರೆಗೆ ಯಾರಿಗೂ ಸರಿಯಾಗಿ ಹೇಳಿಲ್ಲ.

ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಕನ್ನಡ ಪಾಠವನ್ನು ಹೇಗೆ ಯೋಜಿಸಬೇಕೆಂದು ಶಿಕ್ಷಕರಿಗೆ ಹೇಳಿಕೊಡುವುದು ನನ್ನ ಕೆಲಸವಾಗಿತ್ತು. ಒಂದು ಪುಟ್ಟ ಸಂಸ್ಥೆ, ಒಂದು ಸ್ಕೂಟರು, ದೊಡ್ಡಬಳ್ಳಾಪುರದ ಸುತ್ತಿನ ಹತ್ತು ಹನ್ನೆರಡು ಹಳ್ಳಿಗಳು. ಕಂಡ ಅನ್ಯಾಯಗಳನ್ನೆಲ್ಲ ಹೆಸರು ಹಿಡಿದು ಕರೆಯಬೇಕೆಂದು ಎಳೆಯ ವಯಸ್ಸಿನಲ್ಲೇ ಕಲಿತವನು ನಾನು. ಹಾಗೆ ಕರೆಯಲು ನಮ್ಮ ಶಾಲೆಗಳು ಯಾವತ್ತೂ ಕೊರತೆ ಮಾಡಲಿಲ್ಲ. ಓದು ಕಲಿಸಬೇಕಾದ ಶಿಕ್ಷಕಿಯನ್ನು ಮತದಾರರ ಪಟ್ಟಿ ಹಿಡಿಸಿ ಬೀದಿಗೆ ಅಟ್ಟುವುದು ಅನ್ಯಾಯ. ಪಾಠ ನಡೆದಿದೆಯೇ ಎಂದು ಕೇಳದೆ ಪಾಠ ಯೋಜನೆಯ ಪುಸ್ತಕದ ಕಾಲಂಗಳು ತುಂಬಿವೆಯೇ ಎಂದು ಮಾತ್ರ ನೋಡುವುದು ಅನ್ಯಾಯ. ಕಂಪನಿಯವರು ಬಂದು ನೋಟ್‌ಬುಕ್ ಹಂಚಿ, ಮಕ್ಕಳನ್ನು ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುವುದು ಅನ್ಯಾಯ. ಮಗುವಿನ ಮನೆಮಾತನ್ನು ತಪ್ಪು ಎಂದು ತಿದ್ದಿ ಬಾಯಿ ಮುಚ್ಚಿಸುವುದು ಎಲ್ಲಕ್ಕಿಂತ ದೊಡ್ಡ ಅನ್ಯಾಯ. ಇವುಗಳಲ್ಲಿ ಒಂದನ್ನೂ ನಾನು ಇಂದಿಗೂ ಹಿಂತೆಗೆದುಕೊಳ್ಳುವುದಿಲ್ಲ. ದಣಿದಿದ್ದೇನೆ, ಅಷ್ಟೇ.

ರಾಜಘಟ್ಟದ ಕಡೆಗೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ. ಅಲ್ಲಿನ ಶಾಲೆಗೆ ಎರಡು ಕೋಣೆ, ಇಬ್ಬರು ಶಿಕ್ಷಕಿಯರು. ಅವರಲ್ಲಿ ಒಬ್ಬರು ಸದಾ ಇನ್ನೊಂದು ಶಾಲೆಗೆ ನಿಯೋಜನೆಯ ಮೇಲೆ. ಉಳಿದವರು ಪುಟ್ಟಗೌರಮ್ಮ. ನಿವೃತ್ತಿಗೆ ಮೂರು ವರ್ಷವಿತ್ತು. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಮುಂದಿನ ವಾರದ ಪಾಠ ಯೋಜನೆ ಬರೆಯುವವರು ಅವರೇ; ಸೋಮವಾರ ಮುಖ್ಯ ಶಿಕ್ಷಕಿಯಾಗಿ ಅದನ್ನು ಪರಿಶೀಲಿಸಿ ಸಹಿ ಹಾಕುವವರೂ ಅವರೇ. ನಾನು ಒಮ್ಮೆ ಆ ಪುಸ್ತಕವನ್ನು ತಿರುವಿ ನೋಡಿದೆ. ಹಿಂದಿನ ವರ್ಷದ ಪುಸ್ತಕವನ್ನು ಅಕ್ಷರ ಬಿಡದೆ ಇಳಿಸಿದ್ದರು. ಕೇಳಿದ್ದಕ್ಕೆ, "ಹೋದ್ ವರ್ಷ ಯಾರೂ ಓದಿಲ್ಲ ಸಾರ್, ಹೊಸದಾಗೇ ಐತೆ" ಎಂದರು. ನಾನು ನಗಲಿಲ್ಲ. ನಗಬೇಕಾದಲ್ಲಿ ನಗದೆ ಇರುವುದನ್ನು ಆಗ ನಾನು ಬದ್ಧತೆಯೆಂದು ತಿಳಿದಿದ್ದೆ.

ನಾಲ್ಕನೆಯ ತರಗತಿಯಲ್ಲಿ ಹರ್ಷಿತಾ ಎಂಬ ಹುಡುಗಿಯಿದ್ದಳು. ಚೂಟಿ, ಬಾಯಿತುಂಬ ಮಾತು, ಓದು ಮಾತ್ರ ಬರುತ್ತಿರಲಿಲ್ಲ. ತಾಯಿ ನಾಗವೇಣಿ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಟೈಲರ್. ದಸರಾ ರಜೆ ಮುಗಿದ ದಿನ ಆಕೆ ಶಾಲೆಗೆ ಬಂದು, ನನ್ನ ಎದುರಿಗೇ, ತೀರ್ಮಾನ ಹೇಳಿಬಿಟ್ಟಳು. ಸಂಕ್ರಾಂತಿಗೆ ಮಗಳು ಒಂದು ಪುಟ ಓದಿದರೆ ಇಲ್ಲೇ ಇರಲಿ. ಇಲ್ಲವಾದರೆ ಹಬ್ಬ ಕಳೆದ ಕೂಡಲೇ ಕಾನ್ವೆಂಟಿನಲ್ಲಿ ಸೀಟು ಹಿಡಿಯುವುದು. ಕಾನ್ವೆಂಟಿನವರು ಆಗಲೇ ಮಗುವನ್ನು ನೋಡಿ ಮಾತಾಡಿದ್ದರಂತೆ. ಐದಕ್ಕೆ ಹೋಗಬೇಕಾದವಳನ್ನು ಮೂರರಲ್ಲಿ ಕೂರಿಸುತ್ತಾರಂತೆ.

"ಎರಡ್ ವರ್ಷ ಹೋಗ್ತೈತೆ ಅಂತ ನನ್ಗೂ ಹೊಟ್ಟೆ ಉರೀತೈತೆ ಸಾರ್. ಆದ್ರೆ ಓದು ಬರ್ದಂಗೆ ಮುಂದಕ್ ತಳ್ಳಿ ಏನ್ ಮಾಡ್ಲಿ?" ಎಂದಳು. ಖಾಸಗಿ ಶಾಲೆಗಳು ಬಡವರ ಮಕ್ಕಳ ವಯಸ್ಸನ್ನೇ ಕದಿಯುತ್ತವೆ ಎಂದು ನಾನು ಆಕೆಗೆ ವಿವರಿಸಿದೆ. ವಿವರಣೆ ಸರಿಯಾಗಿಯೇ ಇತ್ತು. ಆಮೇಲೆ, ಯಾರೂ ಕೇಳದೆಯೇ, ಸಂಕ್ರಾಂತಿಯೊಳಗೆ ಓದಿಸುವ ಜವಾಬ್ದಾರಿ ನನ್ನದೆಂದೂ ಹೇಳಿದೆ. ಪುಟ್ಟಗೌರಮ್ಮ ಮಗುವಿನ ಜಡೆಯ ಟೇಪನ್ನು ಬಿಗಿಮಾಡುತ್ತಿದ್ದರು.

ನಾಲ್ಕು ವಾರಗಳ ಒಂದು ಪಾಠ ಯೋಜನೆ ಸಿದ್ಧಪಡಿಸಿದೆ. ಕಾಲಂಗಳ ವಿರುದ್ಧ ಭಾಷಣ ಮಾಡುತ್ತಿದ್ದವನು ಅದಕ್ಕೆ ಹದಿನಾಲ್ಕು ಕಾಲಂ ಹಾಕಿದ್ದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಅದರ ಜೀವಾಳ ಸರಳವಾಗಿತ್ತು: ಮಕ್ಕಳು ತಮ್ಮ ಮನೆಯಿಂದ, ಅಪ್ಪ ಅಮ್ಮನ ಕೆಲಸದಿಂದ ಪದಗಳನ್ನು ತರಬೇಕು, ಆ ಪದಗಳು ತರಗತಿಯ ಗೋಡೆಯ ಮೇಲೆ ಅವರ ಎತ್ತರದಲ್ಲಿಯೇ ಬರಬೇಕು, ಓದು ಅಲ್ಲಿಂದ ಹುಟ್ಟಬೇಕು. ಇದಕ್ಕೆ ಗೋಡೆ ಬೇಕಿತ್ತು. ಗೋಡೆಯ ತುಂಬ, ಬಾಗಿಲಿನ ಪಕ್ಕದ ಅಕಾರದಿಂದ ಶುರುವಾಗಿ ಕೋಣೆಯನ್ನು ಸುತ್ತಿ ಬರುವಂತೆ, ಯಾವುದೋ ಕಾಲದಲ್ಲಿ ಬರೆಸಿದ ವರ್ಣಮಾಲೆಯಿತ್ತು. ನಗರದ ಚಿತ್ರಗಳು, ಮಾಸಿದ ನೀಲಿ ಬಣ್ಣ, ಸತ್ತ ಅಕ್ಷರಗಳು. ಅದರ ಮೇಲೆ ಸುಣ್ಣ ಬಳಿಸುವುದೆಂದು ತೀರ್ಮಾನಿಸಿದೆ.

ಆಗ ಡಿಸೆಂಬರ್ ತಿಂಗಳು. ಪುಟ್ಟಗೌರಮ್ಮ ಒಂದೇ ಒಂದು ಸಲ ಅಡ್ಡ ಹೇಳಿದರು: "ಸಂಕ್ರಾಂತಿ ಆಗೋಗ್ಲಿ ಸಾರ್. ಆಮೇಲೆ ಏನ್ ಬೇಕಾದ್ರೂ ಬಳಿಸ್ಕೊಳ್ಳಿ."

ನಡೆಯುತ್ತಿದ್ದುದು ಧನುರ್ಮಾಸ. ನಮ್ಮ ಕಡೆ ಆ ತಿಂಗಳಲ್ಲಿ ಹೊಸ ಕೆಲಸಕ್ಕೆ ಕೈಹಾಕುವುದಿಲ್ಲ. ಮದುವೆ ಮಾತುಕತೆಯಾಗಲಿ, ಗೃಹಪ್ರವೇಶವಾಗಲಿ ಸಂಕ್ರಾಂತಿ ದಾಟಿದ ಮೇಲೆಯೇ. ಆಕೆಯ ಮಾತಿನಲ್ಲಿ ನನಗೆ ಕೇಳಿಸಿದ್ದು ಅದೊಂದೇ. ವೈಚಾರಿಕತೆಯನ್ನು ಕಲಿಸಬೇಕಾದ ಸರ್ಕಾರಿ ಶಾಲೆಯೊಳಗೆ ಪಂಚಾಂಗ ನುಸುಳಿದೆಯಲ್ಲ ಎಂದು ವ್ಯಥೆಪಟ್ಟೆ. ಮಕ್ಕಳು ಆಟಕ್ಕೆ ಹೋಗಿದ್ದಾಗ, ಕಾಲು ಗಂಟೆ, ಮೂಢನಂಬಿಕೆಯ ಬಗ್ಗೆ ಆಕೆಗೆ ಉಪದೇಶಿಸಿದೆ. ಆಕೆ ಕೇಳಿಸಿಕೊಂಡರು. ಮುಗಿದ ಮೇಲೆ, "ಆಯ್ತು ಸಾರ್" ಎಂದು ಬಿಸಿಯೂಟದ ಅಕ್ಕಿ ಅಳೆದುಕೊಡಲು ಎದ್ದು ಹೋದರು. ನಾನು ಗೆದ್ದೆನೆಂದು ತಿಳಿದೆ. ಇನ್ನೂ ಒಂದು ಹೇಳಬೇಕು: ಹರ್ಷಿತಾಳ ಜಾಗವನ್ನು ಆಕೆ ವಾರಕ್ಕೊಮ್ಮೆ ಬದಲಿಸುತ್ತಿದ್ದುದನ್ನು ನಾನು ಗಮನಿಸಿದ್ದೆ. ಮೊದಲು ಕಿಟಕಿಯ ಬುಡದಲ್ಲಿ ಗೋಡೆಗೆ ಒತ್ತಿ ಕೂರುತ್ತಿದ್ದವಳು ಬರಬರುತ್ತ ಗೋಡೆಯಿಂದ ದೂರ ಸರಿಯುತ್ತಿದ್ದಳು. ನನ್ನ ಟಿಪ್ಪಣಿ ಪುಸ್ತಕದಲ್ಲಿ, "ಕೂರಿಸುವುದರಲ್ಲಿ ತಾರತಮ್ಯದ ಸಾಧ್ಯತೆ, ಜಾತಿ ವಿಚಾರಿಸಬೇಕು" ಎಂದು ಬರೆದು ಕೆಳಗೆ ಗೆರೆ ಎಳೆದಿದ್ದೆ.

ಸುಣ್ಣವಾಯಿತು. ಬಿಳಿಯ ಗೋಡೆಯ ಮೇಲೆ ಪದಗಳು ಬಂದವು: ಮಗ್ಗ, ಟೆಂಪೊ, ಸೊಪ್ಪಿನ ಕಟ್ಟು, ಕೋಳಿ ಫಾರಂ. ಹರ್ಷಿತಾ ತಂದದ್ದು "ಓಟಿ". ಕಾರ್ಖಾನೆಯಲ್ಲಿ ಹೆಚ್ಚು ಹೊತ್ತು ದುಡಿಯುವುದಕ್ಕೆ ಅವಳ ತಾಯಿ ಹೇಳುವ ಮಾತು. ಶ್ರಮದ ಭಾಷೆ ಶಾಲೆಯ ಗೋಡೆ ಹತ್ತಿತೆಂದು ನಾನು ಪುಳಕಗೊಂಡು, ಅವಳನ್ನು ಆ ಪದದ ಪಕ್ಕ ನಿಲ್ಲಿಸಿ ಫೋಟೋ ತೆಗೆದೆ. ಬಿಸಿಲಿನಲ್ಲಿ ಮಾತ್ರ ನಿಲ್ಲಿಸಿರಲಿಲ್ಲ.

ಸಂಕ್ರಾಂತಿಯ ಹಿಂದಿನ ಶನಿವಾರ ನಾಗವೇಣಿ ಬಂದಳು. ಪಾಠದ ಪುಸ್ತಕ ತೆರೆದು ಮಗಳ ಕೈಗೆ ಕೊಟ್ಟಳು. ಮಗು ಬೆರಳಿಟ್ಟಿತು. ಮೊದಲ ಅಕ್ಷರ ಹೇಳಿತು. ಎರಡನೆಯದಕ್ಕೆ ತಡೆದು, ತಲೆಯೆತ್ತಿ ಕಿಟಕಿಯ ಕೆಳಗೆ ನೋಡಿತು. ಅಲ್ಲಿ ಬಿಳಿ ಗೋಡೆಯ ಮೇಲೆ ಯಾರೋ ಬರೆದ ಸೊಪ್ಪಿನ ಕಟ್ಟು ಇತ್ತು. ಪುಸ್ತಕ ನೋಡಿತು, ಮತ್ತೆ ಕಿಟಕಿಯ ಕೆಳಗೆ ನೋಡಿತು.

"ಗೋಡೇಲೇನೈತೆ? ಪುಸ್ತಕ ನೋಡು," ಎಂದಳು ತಾಯಿ.

ಮಗು ಗೋಡೆಯನ್ನೇ ನೋಡುತ್ತ ನಿಂತುಬಿಟ್ಟಿತು. ತಾಯಿ ಬೈಯಲಿಲ್ಲ. ಪುಸ್ತಕ ಮಡಚಿ ಬ್ಯಾಗಿಗೆ ಹಾಕಿ, ನನಗೊಂದು ನಮಸ್ಕಾರ ಹೇಳಿ ಹೊರಟಳು. ಹಬ್ಬದ ಮಾರನೆಯ ದಿನವೇ ಕಾನ್ವೆಂಟಿನಲ್ಲಿ ಮುಂದಿನ ವರ್ಷಕ್ಕೆ ಸೀಟು ಹಿಡಿದದ್ದಾಯಿತು. ಆಮೇಲೆ ಬೇಸಿಗೆಯವರೆಗೆ ಹರ್ಷಿತಾ ಶಾಲೆಗೆ ಬಂದಳಾದರೂ ಓದಲು ಬಾಯಿ ಬಿಡಲಿಲ್ಲ.

ವರ್ಗಾವಣೆ ಪತ್ರ ಕೊಡುವ ದಿನ, ನಮ್ಮ ಸಂಸ್ಥೆಯ ಕಡತಕ್ಕೆಂದು ಆ ಮಗುವಿನ ಕಲಿಕೆಯ ದಾಖಲೆ ಕೇಳಿದೆ. ಪುಟ್ಟಗೌರಮ್ಮ ಮೇಜಿನ ಡ್ರಾಯರಿನಿಂದ ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ತೆಗೆದುಕೊಟ್ಟರು. ಹಿಂಬದಿಯಲ್ಲಿ ಪ್ರತಿ ಮಗುವಿಗೂ ಒಂದೊಂದು ಸಾಲು. ಹರ್ಷಿತಾಳ ಸಾಲಿನಲ್ಲಿ ಹೀಗಿತ್ತು: ಗೋಡೆಗೆ ಒರಗಿ ಓದುತ್ತಾಳೆ. ಕಿಟಕಿಯಿಂದ ಅರ್ಧ ಮೊಳ, ಓದಿದಳು. ಒಂದು ಮೊಳ, ಓದಿದಳು, ಎಂಟು ಸಲ ಗೋಡೆ ನೋಡಿದಳು. ಎರಡು ಮೊಳ, ಮೂರು ಸಲ ನೋಡಿದಳು. ಅಲ್ಲಿಗೆ ಬರಹ ನಿಂತಿತ್ತು. ನಿಂತ ದಿನ ಯಾವುದೆಂದು ನಾನು ಕೇಳಬೇಕಾಗಿರಲಿಲ್ಲ.

ಅರ್ಥವಾಯಿತಲ್ಲವೇ? ಆ ಹುಡುಗಿಗೆ ಅಕ್ಷರಗಳು ಊರಿನ ಮನೆಗಳ ಹಾಗೆ. ಯಾವುದು ಎಲ್ಲಿದೆಯೆಂಬುದರ ಮೇಲೆ ಗುರುತು. ಪುಸ್ತಕದಲ್ಲಿ ಒಂದು ಅಕ್ಷರ ಕಂಡರೆ ಗೋಡೆಯಲ್ಲಿ ಅದರ ಜಾಗ ಹುಡುಕಿ, ಅಲ್ಲಿಂದ ಹೆಸರು ತರುತ್ತಿದ್ದಳು. ಶಿಕ್ಷಕಿ ಅವಳನ್ನು ವಾರಕ್ಕಿಷ್ಟು ದೂರ ಸರಿಸುತ್ತ, ಗೋಡೆಯನ್ನು ನಿಧಾನವಾಗಿ ಅವಳ ತಲೆಯೊಳಗೆ ದಾಟಿಸುತ್ತಿದ್ದರು. ಸಂಕ್ರಾಂತಿಯ ಹೊತ್ತಿಗೆ ಹಿಂದಿನ ಬಾಗಿಲಿನ ಬಳಿ ಕೂರಿಸುವ ಲೆಕ್ಕ. ನನ್ನ ಹದಿನಾಲ್ಕು ಕಾಲಂಗಳಿಗಿಂತ ಅದು ಉತ್ತಮವಾದ ಪಾಠ ಯೋಜನೆಯಾಗಿತ್ತು. ನನ್ನ ಉಪದೇಶ ನಡೆಯುತ್ತಿದ್ದಾಗ ಇದನ್ನು ಹೇಳಬಹುದಿತ್ತಲ್ಲ ಎಂದು ಕೇಳಿದೆ.

"ಹೇಳೋಣ ಅಂತಾನೇ ಶುರು ಮಾಡ್ದೆ ಸಾರ್. ನೀವು ಬಿಡುವು ಕೊಡ್ಲಿಲ್ಲ," ಎಂದರು. ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ವರ್ಷದ ಕೊನೆಯ ವರದಿಯಲ್ಲಿ ಗೋಡೆಬರಹ ಯಶಸ್ವಿಯಾಯಿತೆಂದು ಬರೆದೆ, ಫೋಟೋ ಲಗತ್ತಿಸಿದೆ. ಎಲ್ಲರ ಅನ್ಯಾಯಗಳನ್ನೂ ಹೆಸರಿಟ್ಟು ಕರೆಯುತ್ತಿದ್ದವನು ಇದೊಂದಕ್ಕೆ ಏಳು ವರ್ಷ ಹೆಸರಿಡಲಿಲ್ಲ.

ಹೋದ ತಿಂಗಳು ದೊಡ್ಡಬಳ್ಳಾಪುರದ ಬಸ್ ನಿಲ್ದಾಣದಲ್ಲಿ ನಾಗವೇಣಿ ಸಿಕ್ಕಳು. ಮಗಳು ಈಗ ಹತ್ತನೆಯ ತರಗತಿಯಂತೆ. ಓರಗೆಯವರು ಪಿಯುಸಿ ಮುಗಿಸುತ್ತಿದ್ದಾರೆ. ಓದುತ್ತಾಳೆಯೇ ಎಂದು ಕೇಳಿದೆ. "ಓದ್ತಾಳೆ ಸಾರ್, ಚೆನ್ನಾಗೇ ಓದ್ತಾಳೆ. ಯಾರ್ ಮುಂದೇನೂ ಜೋರಾಗಿ ಓದಲ್ಲ, ಅಷ್ಟೇ," ಎಂದು ಬಸ್ಸು ಹತ್ತಿದಳು.

ಮುಂದಿನ ವಾರ ದೇವನಹಳ್ಳಿಯಲ್ಲಿ ಹೊಸ ಶಿಕ್ಷಕರಿಗೆ ಭಾಷಾ ಪಾಠ ಯೋಜನೆಯ ತರಬೇತಿಯಿದೆ. ಮೊದಲ ಅವಧಿ ನನ್ನದು. ಹಳೆಯ ಸ್ಲೈಡುಗಳು ಸಿದ್ಧವಾಗಿಯೇ ಇದ್ದವು. ಇವತ್ತು ಅವನ್ನು ಪಕ್ಕಕ್ಕಿಟ್ಟು ಪುಟ್ಟಗೌರಮ್ಮನವರಿಗೆ ಫೋನ್ ಮಾಡಿದೆ. ಆ ಅವಧಿಯಲ್ಲಿ ನೀವು ಮಾತಾಡಬೇಕು, ಹರ್ಷಿತಾಳನ್ನು ಗೋಡೆಯಿಂದ ಹೇಗೆ ಸರಿಸುತ್ತಿದ್ದಿರೆಂದು ಹೇಳಬೇಕು, ಅದು ಯಾಕೆ ನಿಂತಿತೆಂದೂ ಹೇಳಬೇಕು, ನನ್ನ ಹೆಸರು ಹಿಡಿದೇ ಹೇಳಬೇಕು ಎಂದು ಕೇಳಿಕೊಂಡೆ. ಆ ಕಡೆ ಕುಕ್ಕರ್ ಎರಡು ಸಲ ಕೂಗಿದ್ದು ಮಾತ್ರ ಕೇಳಿಸಿತು.

"ಬರ್ತೀನಿ ಸಾರ್," ಎಂದರು ಕೊನೆಗೆ. "ಆದ್ರೆ ನಾನ್ ಮುಗಿಸೋ ಗಂಟ ನೀವು ಬಾಯಿ ಹಾಕಬಾರ್ದು."

ಆಗಲಿ ಎಂದೆ. ಯಾಕೆ, ಏನು ಎಂದು ವಿವರಿಸಲು ಹೊರಟವನು ಅಲ್ಲಿಗೇ ತಡೆದು, ಅವರು ಫೋನ್ ಇಡುವವರೆಗೆ ಸುಮ್ಮನಿದ್ದೆ.