ತೋರ್ಕಿಲ್ ಕೊಂಡ ಮೋಟರ್

ಸ್ಕಾರ್‌ಹೋಲ್ಮ್ ದ್ವೀಪದ ಬಡಗಿ ತೋರ್ಕಿಲ್‌ಗೆ ದೋಣಿಗೆ ಕಟ್ಟುವ ಮೋಟರ್ ಕಂಡರೆ ಆಗುತ್ತಿರಲಿಲ್ಲ. ನಡುನೀರಿನಲ್ಲಿ ಗಾಳಿ ಬಿದ್ದುಹೋದರೆ ತನ್ನ ಹಳೆಯ ಹಾಯಿದೋಣಿಯಲ್ಲೇ ಕೂತು ಕಾಫಿ ಕುಡಿಯುತ್ತಿದ್ದ; ಹೆಂಡತಿ ರಾಗ್ನ ಚುಕ್ಕಾಣಿ ಹಿಡಿದು ಹಾಡುತ್ತಿದ್ದಳು. ನಲವತ್ತು ವರ್ಷ ಹಾಗೇ ನಡೆಯಿತು.

ಆಮೇಲೆ ರಾಗ್ನಳಿಗೆ ಮರೆವು ಹತ್ತಿತು. ಒಲೆ ಉರಿಯುತ್ತಿರುವಾಗಲೇ ಹೊಲದ ಕಡೆ ಹೋಗಿಬಿಡುತ್ತಿದ್ದಳು. ಮಾರ್ಚ್ ತಿಂಗಳ ಒಂದು ಬೆಳಗ್ಗೆ ಮೊಣಕಾಲುದ್ದ ನೀರಿನಲ್ಲಿ ನಡುಗುತ್ತ ನಿಂತಿದ್ದಳು. ಅವಳನ್ನು ಎದುರು ದಡದ ಆರೈಕೆಮನೆಗೆ ಸೇರಿಸದೆ ಬೇರೆ ದಾರಿಯಿರಲಿಲ್ಲ. ಜನರನ್ನು ಸಾಗಿಸುವ ಫೆರಿ ಅತ್ತ ಹೋಗುತ್ತಿರಲಿಲ್ಲ. ಗಾಳಿ ಕೈಕೊಟ್ಟ ದಿನ ತೋರ್ಕಿಲ್ ದಕ್ಕೆಯಲ್ಲೇ ಕೂತು ಆ ದಡವನ್ನು ನೋಡಬೇಕಾಗುತ್ತಿತ್ತು. ಅಷ್ಟು ದೂರ ಹುಟ್ಟು ಹಾಕಲು ಅವನ ಭುಜ ಒಪ್ಪುತ್ತಿರಲಿಲ್ಲ.

ಕಡೆಗೊಮ್ಮೆ ಮೋಟರ್ ಅಂಗಡಿಗೆ ಹೋದ. ಅಂಗಡಿಯ ಪ್ರೆಬೆನ್ ಕಣ್ಣರಳಿಸಿದ.

"ಏನ್ ಯಜಮಾನ್ರೇ, ದಾರಿ ತಪ್ಪಿ ಬಂದ್ರಾ? ನಮ್ಮ ಮಾಲನ್ನ ಕೆಮ್ಮೋ ಡಬ್ಬ ಅಂತಿದ್ರಲ್ಲ!"

"ಅಂದಿದ್ದೆ. ಈಗ ಒಂದೇ ಎಳೆತಕ್ಕೆ ಹತ್ಕೊಳ್ಳೋ ಡಬ್ಬ ತೋರ್ಸು."

"ಹತ್ತು ಕುದುರೆ ಶಕ್ತೀದು ತಗೊಳ್ಳಿ. ಹಾರ್‍ಕೊಂಡ್ ಹೋಗ್ತದೆ."

"ಹಾರೋಕೆ ನಾನೇನು ಹಕ್ಕೀನಾ? ಹಳೇ ಮರ ಕಣೋ, ಹಿಂದಿನ ಹಲಗೆ ಕಿತ್ಕೊಂಡ್ ಹೋದೀತು. ಐದು ಸಾಕು. ದಂಡ ಉದ್ದ ಇರ್ಲಿ, ಅಲೆ ಎದ್ದಾಗ ಫ್ಯಾನು ನೀರಿಂದ ಮೇಲೆ ಬರ್ಬಾರ್ದು."

ತೋರ್ಕಿಲ್ ಮೂರು ಮೋಟರುಗಳನ್ನು ನೀರಿನ ಪೀಪಾಯಿಗಿಳಿಸಿ ಓಡಿಸಿದ, ತಣ್ಣಗಾಗಲು ಬಿಟ್ಟು ಮತ್ತೆ ಎಳೆದ. ಹೊಸವೆರಡೂ ಒಮ್ಮೊಮ್ಮೆ ಮುನಿಸಿಕೊಂಡವು. ಬಣ್ಣ ಮಾಸಿದ ಹಳೆಯದು ಎಳೆದಾಗಲೆಲ್ಲ ಹತ್ತಿಕೊಂಡಿತು. ಅದನ್ನೇ ಆರಿಸಿದ.

ಮರುದಿನ ಎಲೆ ಅಲುಗದಷ್ಟು ಗಾಳಿಯಿಲ್ಲ. ಆದರೂ ಹೊತ್ತಿಗೆ ಸರಿಯಾಗಿ ಎದುರು ದಡ ಮುಟ್ಟಿದ. ರಾಗ್ನ ದಾದಿಯ ಜೊತೆ ಕಟ್ಟೆಯ ಮೇಲಿದ್ದಳು.

"ನೋಡೀಮ್ಮಾ, ನಿಮ್ಮನೆಯೋರು ಬಂದ್ರು," ಎಂದಳು ದಾದಿ.

"ಇವರಲ್ಲ ಕಣಮ್ಮ. ನಮ್ಮೋರು ಸತ್ರೂ ಮೋಟರ್ ಕಟ್ಟಲ್ಲ." ಹಾಗೆಂದವಳೇ ಒಳಗೆ ಹೋಗಿಬಿಟ್ಟಳು.

ಅಂದಿನಿಂದ ತೋರ್ಕಿಲ್ ದಡಕ್ಕೆ ದೂರವಿರುವಾಗಲೇ ಮೋಟರ್ ನಿಲ್ಲಿಸಿ ಹಾಯಿ ಏರಿಸುತ್ತಿದ್ದ. ಗಾಳಿಯಿಲ್ಲದಿದ್ದರೆ ಹಾಯಿ ಜೋತುಬಿದ್ದಿರುತ್ತಿತ್ತು. ಉಳಿದಷ್ಟು ದೂರ ಹಲ್ಲು ಕಚ್ಚಿ ಹುಟ್ಟು ಹಾಕುತ್ತಿದ್ದ. ಕೆಲವು ದಿನ ಅವಳು ಗುರುತು ಹಿಡಿದು ಅವನ ತೋಳು ಸವರುತ್ತಿದ್ದಳು. ಕೆಲವು ದಿನ ಅದೂ ಇಲ್ಲ.

ನವೆಂಬರಿನಲ್ಲಿ ಅವಳ ಎದೆಗೆ ಕಫ ಕಟ್ಟಿತು. ಬೇಗ ಬನ್ನಿ ಎಂದು ದಾದಿ ಫೋನು ಮಾಡಿದಳು. ಆ ದಿನ ಅವನು ನಡುವೆ ಎಲ್ಲೂ ನಿಲ್ಲಿಸಲಿಲ್ಲ.

ರಾಗ್ನ ಅರೆಗಣ್ಣು ತೆರೆದಳು. "ಮೋಟರ್ ಸದ್ದು ಕೇಳಿಸ್ತು. ದ್ವೀಪದಿಂದ ಬಂದ್ರಾ? ನಮ್ಮೋರು ಕಂಡ್ರಾ?"

ತೋರ್ಕಿಲ್ ಮಂಚದ ಪಕ್ಕ ಕೂತ. "ಕಂಡ್ರು. ಗಾಳಿ ಇಲ್ಲ ನೋಡಿ, ಹುಟ್ಟು ಹಾಕ್ಕೊಂಡು ಬರ್ತಿದಾರೆ."

"ಪಾಪ, ಭುಜ ನೋಯುತ್ತೆ ಅವರಿಗೆ," ಎಂದಳು.

ಕತ್ತಲಾಗುವ ಮೊದಲೇ ಅವಳ ಉಸಿರು ನಿಂತಿತು. ಮೂರನೆಯ ದಿನ ಶವಪೆಟ್ಟಿಗೆಯನ್ನು ಮೀನುಗಾರರ ದೊಡ್ಡ ದೋಣಿಯಲ್ಲಿ ದ್ವೀಪಕ್ಕೆ ತಂದರು. ಜೊತೆಗೆ ಹತ್ತು ಎಂದು ಎಲ್ಲರೂ ಕರೆದರು. ತೋರ್ಕಿಲ್ ಬೇಡವೆಂದು ತಲೆಯಾಡಿಸಿ, ಮೋಟರ್ ಮುಟ್ಟದೆ ಹಾಯಿ ಏರಿಸಿ ತನ್ನ ದೋಣಿಯಲ್ಲಿ ಒಬ್ಬನೇ ಹಿಂದೆ ಬಂದ.